ರಸ್ತೆಯ ಮೇಲಿನ ನಂಬಿಕೆ

ಸೈಕಲ್ಲನ್ನು ಬಡವನ ಕುದುರೆ ಎನ್ನಬಹುದು. ಅದಕ್ಕೆ ಹುಲ್ಲು ಬೇಡ, ಹುರುಳಿ ಬೇಡ. ಆಗಾಗ ಎರಡು ಹನಿ ಎಣ್ಣೆ ಸಾಕು. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆ ಆರಂಭವಾದಾಗ ಹಳ್ಳಿಗಾಡಿನ ಎಷ್ಟೋ ಮಕ್ಕಳಿಗೆ ಪ್ರೌಢಶಾಲೆಯ ದಾರಿ ಹತ್ತಿರವಾಯಿತು. ಆದರೆ ಸೈಕಲ್ಲನ್ನು ತುಳಿಯಲು ಕಲಿತ ಮಾತ್ರಕ್ಕೆ ರಸ್ತೆಯಲ್ಲಿ ಸಾಗಲು ಕಲಿತಂತಾಗುವುದಿಲ್ಲ.

ಸೈಕಲ್ಲು ಸವಾರನೂ ಬಸ್ಸು ಲಾರಿಗಳ ಚಾಲಕನೂ ರಸ್ತೆಯಲ್ಲಿ ಸಂಧಿಸಿದಾಗ ಮಾತನಾಡುವುದಿಲ್ಲ. ಒಬ್ಬರನ್ನೊಬ್ಬರು ನಂಬಿ ಮುಂದೆ ಸಾಗುತ್ತಾರೆ. ‘ಈತನು ನೇರವಾಗಿ ಹೋಗುವನು’ ಎಂದು ಚಾಲಕನು ನಂಬುತ್ತಾನೆ. ‘ಆತನು ನನ್ನನ್ನು ಕಂಡಿರುವನು’ ಎಂದು ಸವಾರನು ನಂಬುತ್ತಾನೆ. ಇವೆರಡರಲ್ಲಿ ಒಂದು ಸುಳ್ಳಾದರೂ ಅಪಾಯವು ಬಾಗಿಲಿಗೆ ಬಂದಂತೆಯೇ.

ಮೊದಲನೆಯ ನಂಬಿಕೆಯನ್ನು ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡ ಚಾಲಕನ ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿಯೇ ಸುಮಾರು ಒಂದು ಸೆಕೆಂಡು ಕಳೆದಿರುತ್ತದೆ. ಒತ್ತಿದ ಮೇಲೂ ವಾಹನವು ಜಡತ್ವದಿಂದ ಮುಂದಕ್ಕೆ ಸರಿಯುತ್ತದೆ. ಒಟ್ಟಿನಲ್ಲಿ ಅದು ನಿಲ್ಲಬೇಕಾದರೆ, ಒಣಗಿದ ರಸ್ತೆಯಲ್ಲಿಯೂ 40 ಮೀಟರಿನಷ್ಟು ದೂರ ಬೇಕು. ಮಳೆ ಬಿದ್ದಿದ್ದರೆ ಇನ್ನೂ ಹೆಚ್ಚು. ಹತ್ತು ಮೀಟರ್ ಮುಂದೆ, ಕೈ ತೋರಿಸದೆ, ಹಿಂದಿರುಗಿ ನೋಡದೆ, ಥಟ್ಟನೆ ಬಲಕ್ಕೆ ತಿರುಗುವ ಸವಾರನನ್ನು ಎಂತಹ ನಿಪುಣನಾದ ಚಾಲಕನೂ ಕಾಪಾಡಲಾರನು.

ಇನ್ನು ಎರಡನೆಯದು. ನಮ್ಮ ದೇಶದಲ್ಲಿ ಚಾಲಕನು ವಾಹನದ ಬಲಭಾಗದಲ್ಲಿ ಕುಳಿತಿರುತ್ತಾನೆ. ಲಾರಿಯ ಎಡಪಕ್ಕದ ಕೆಲವು ಭಾಗಗಳು ಕನ್ನಡಿಯಲ್ಲಿಯೂ ಅವನಿಗೆ ಕಾಣುವುದಿಲ್ಲ. ಅಲ್ಲದೆ, ಉದ್ದವಾದ ವಾಹನವು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿಯೇ ಬರುವುದಿಲ್ಲ; ಮೂಲೆಯನ್ನು ಸವರಿಕೊಂಡು ಒಳಗಡೆಯಿಂದ ಬರುತ್ತವೆ. ನಿಂತ ಲಾರಿಯ ಎಡಗಡೆಯ ಕಿರಿದಾದ ಸಂದಿಯಲ್ಲಿ ನುಸುಳುವ ಹುಡುಗನು ತಾನು ಜಾಣನೆಂದುಕೊಳ್ಳುತ್ತಾನೆ. ಚಾಲಕನ ಪಾಲಿಗಾದರೋ ಅವನು ಅಲ್ಲಿಲ್ಲವೇ ಇಲ್ಲ!

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. 1977ರಲ್ಲಿ ನಾನು ಪ್ರೌಢಶಾಲೆಯ ವಿದ್ಯಾರ್ಥಿ. ಒಂದು ರಾತ್ರಿ ತಮ್ಮನನ್ನು ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಕೆರೆಯ ಏರಿಯ ಮೇಲೆ ಬರುತ್ತಿದ್ದೆ. ಡೈನಮೋ ತಾಗಿಸಿದರೆ ತುಳಿಯುವುದು ಭಾರವೆಂದು ದೀಪವನ್ನು ಹೊತ್ತಿಸಿರಲಿಲ್ಲ. ಗುಂಡಿಯೊಂದನ್ನು ತಪ್ಪಿಸಲು ರಸ್ತೆಯ ನಡುವಿಗೆ ಬಂದೆ. ಎದುರಿನ ಲಾರಿಯು ಕಿರುಗುಟ್ಟುತ್ತಾ ಏರಿಯ ಅಂಚಿಗೆ ಸರಿದು ನಿಂತಿತು. ಇನ್ನೊಂದು ಮೊಳ ಸರಿದಿದ್ದರೆ ಅದು ನೀರಿನ ಪಾಲಾಗುತ್ತಿತ್ತು. ಕೆಳಗಿಳಿದು ಬಂದ ಚಾಲಕನು ಹೊಡೆಯುವನೆಂದು ನಾನು ಹೆದರಿದೆ. ಆದರೆ ಅವನ ಕೈಗಳೇ ನಡುಗುತ್ತಿದ್ದವು. “ನಿಮಗೆ ನಾನು ಕಂಡೆ, ನನಗೆ ನೀವು ಕಾಣಲಿಲ್ಲವಲ್ಲಪ್ಪಾ!” ಎಂದಷ್ಟೇ ಹೇಳಿ ನನ್ನ ತಮ್ಮನ ತಲೆಯನ್ನು ನೇವರಿಸಿದನು. ಅಂದು ಅವನು ಬಯ್ದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ.

ಚಾಲಕರೆಲ್ಲರೂ ನಿರ್ದೋಷಿಗಳೆಂದು ಇದರ ಅರ್ಥವಲ್ಲ. ಸೈಕಲ್ಲಿಗೆ ಸಾಕಷ್ಟು ಎಡೆಬಿಟ್ಟು, ವೇಗವನ್ನು ತಗ್ಗಿಸಿ ಸಾಗುವುದು ಅವರ ಧರ್ಮ. ಬಲ ಹೆಚ್ಚಿದ್ದವನಿಗೆ ಹೊಣೆಯೂ ಹೆಚ್ಚು. ಆದರೆ ಪೆಟ್ಟು ಬೀಳುವುದು ಬಲವಿಲ್ಲದವನ ಮೈಗೆ ಎಂಬುದನ್ನು ಸವಾರನು ಮರೆಯಬಾರದು.

ತಿರುಗುವ ಮೊದಲು ಹಿಂದೆ ನೋಡಿ ಕೈಚಾಚುವುದು, ಎಡಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಗುವುದು, ಇರುಳಿನಲ್ಲಿ ಮುಂದೆ ದೀಪ, ಹಿಂದೆ ಕೆಂಪು ಬಿಲ್ಲೆ ಇರುವಂತೆ ನೋಡಿಕೊಳ್ಳುವುದು—ಇವು ಪೊಲೀಸರಿಗೆ ಹೆದರಿ ಪಾಲಿಸುವ ಕಟ್ಟಳೆಗಳಲ್ಲ. ‘ನಾನು ಇಲ್ಲಿದ್ದೇನೆ, ಹೀಗೆ ಹೋಗುತ್ತೇನೆ’ ಎಂದು ಅಪರಿಚಿತನಿಗೆ ತಿಳಿಸುವ ಭಾಷೆ. ಆ ಭಾಷೆಯನ್ನು ಬಲ್ಲವನೇ ನಿಜವಾದ ಸವಾರ.