ಫೈಲ್ ಒಂದೇ, ಬಣ್ಣ ಏಕೆ ಬೇರೆ?

ಕಲರಿಸ್ಟ್ ಮಂದ ಬೆಳಕಿನ ಕೋಣೆಯಲ್ಲಿ ಕೂತು, ನಾಯಕಿಯ ಮೈಬಣ್ಣವನ್ನೂ ಮಳೆಗಾಲದ ಆಕಾಶವನ್ನೂ ಹದಕ್ಕೆ ತಂದು ಫೈಲ್ ಕಳಿಸುತ್ತಾರೆ. ಎಡಿಟರ್ ಅದನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಕಪ್ಪೆಲ್ಲ ಬೂದು, ಮುಖವೆಲ್ಲ ಸಪ್ಪೆ. ಇಬ್ಬರೂ ಏನನ್ನೂ ಕೆಡಿಸಿಲ್ಲ. ಫೈಲಿನಲ್ಲಿರುವುದು ಬರೀ ಅಂಕಿ. ಶ್ರುತಿ ಹೇಳದೆ ಸ್ವರಲಿಪಿ ಮಾತ್ರ ಕೊಟ್ಟರೆ ಗಾಯಕರು ತಮಗೆ ಒಗ್ಗಿದ ಷಡ್ಜ ಹಿಡಿಯುವಂತೆ, ಒಂದೊಂದು ಸಾಫ್ಟ್‌ವೇರ್ ಆ ಅಂಕಿಗಳನ್ನು ತನಗೆ ತೋಚಿದಂತೆ ಓದಿಕೊಳ್ಳುತ್ತದೆ.

ಹೆಚ್ಚಿನ ಜಗಳ ಕಪ್ಪು–ಬಿಳುಪಿನದೇ. 8 ಬಿಟ್ ವಿಡಿಯೊದಲ್ಲಿ ಹೊಳಪಿಗೆ 0ರಿಂದ 255ರವರೆಗೆ ಅಂಕಿಗಳುಂಟು. ಕಂಪ್ಯೂಟರ್ ಗ್ರಾಫಿಕ್ಸಿನಲ್ಲಿ 0 ಕಪ್ಪು, 255 ಬಿಳಿ. ಟೀವಿ ಲೋಕದಲ್ಲಿ 16 ಕಪ್ಪು, 235 ಬಿಳಿ; ಸಿಗ್ನಲ್ ಗಡಿ ಮೀರಿ ಚಿಮ್ಮಿದರೂ ಕತ್ತರಿಸಿಹೋಗದಿರಲಿ ಎಂದು ಎರಡೂ ತುದಿಗಳಲ್ಲಿ ಜಾಗ ಬಿಟ್ಟರು. ಟೀವಿ ಲೆಕ್ಕದ ಫೈಲನ್ನು ಕಂಪ್ಯೂಟರ್ ಲೆಕ್ಕದ್ದೆಂದು ಓದಿ, ಹೊರಗೆ ಕಳಿಸುವಾಗ ಮತ್ತೆ ಟೀವಿ ಲೆಕ್ಕಕ್ಕೆ ಕುಗ್ಗಿಸಿದರೆ ಕಪ್ಪು ಸುಮಾರು 30ಕ್ಕೆ ಏರುತ್ತದೆ, ಬಿಳಿ 218ಕ್ಕೆ ಇಳಿಯುತ್ತದೆ. ಇದನ್ನಾದರೂ ಬಹುಮಟ್ಟಿಗೆ ಎಳೆದು ಸರಿಮಾಡಬಹುದು. ತಿರುವುಮುರುವಾಗಿ ಕಂಪ್ಯೂಟರ್ ಲೆಕ್ಕದ ಫೈಲನ್ನು ಟೀವಿಯದೆಂದು ಓದಿಬಿಟ್ಟರೆ 16ಕ್ಕಿಂತ ಕೆಳಗಿನ ನೆರಳುಗಳೆಲ್ಲ ಒಂದೇ ಕಪ್ಪು. ಹಾಗೆ ಕತ್ತರಿಸಿದ್ದನ್ನೇ ಉಳಿಸಿಕೊಂಡರೆ ಆ ವಿವರ ಮತ್ತೆಂದೂ ಸಿಗದು.

ಇನ್ನೊಂದು ತಂಟೆ ಗಾಮಾ, ಅಂದರೆ ಅಂಕಿ ಏರಿದಂತೆ ಬೆಳಕು ಎಷ್ಟು ಏರಬೇಕೆಂಬ ನಿಯಮ. ಬಣ್ಣ ಹದಗೊಳಿಸುವ ಕೆಲಸದ, ಅಂದರೆ ಗ್ರೇಡಿಂಗಿನ, ಮಾನಿಟರ್ 2011ರ ಬಿಟಿ.1886 ಶಿಫಾರಸಿನಂತೆ 2.4ಕ್ಕೆ ಹೊಂದಿಸಿರುತ್ತದೆ. ಕ್ವಿಕ್‌ಟೈಮ್ ಫೈಲಿನೊಳಗೆ 1-1-1 ಎಂಬ ಸಣ್ಣ ಚೀಟಿ ಇರುತ್ತದೆ. ಮೂಲವರ್ಣ, ಗಾಮಾ, ಮ್ಯಾಟ್ರಿಕ್ಸ್ ಮೂರೂ ಎಚ್‌ಡಿ ಟೀವಿಯವು ಎಂಬುದು ಅದರ ಅರ್ಥ. ಮ್ಯಾಕ್ ಅದನ್ನು ಓದಿ ಗಾಮಾವನ್ನು ಸುಮಾರು 1.96 ಎಂದು ಹಿಡಿಯುತ್ತದೆ. ನೆರಳು ತೆಳುವಾಗುವುದು ಅದಕ್ಕೇ. ಗಾಬರಿಬಿದ್ದು ಗ್ರೇಡನ್ನೇ ಕಪ್ಪಾಗಿಸುವವರಿದ್ದಾರೆ. ಟೀವಿಗೆ ಹೋದಾಗ ಅದೇ ದೃಶ್ಯ ಅಮಾವಾಸ್ಯೆ! ತಿದ್ದಬೇಕಾದದ್ದು ಚೀಟಿಯನ್ನು, ಚಿತ್ರವನ್ನಲ್ಲ.

ದೊಡ್ಡ ಚಿತ್ರಗಳಲ್ಲಿ ಈ ಗೊಂದಲ ತಪ್ಪಿಸಲು ಆಸ್ಕರ್ ಅಕಾಡೆಮಿ ರೂಪಿಸಿದ ಏಸಸ್ ಪದ್ಧತಿಯುಂಟು. ಚಿಕ್ಕ ತಂಡಕ್ಕೆ ಒಂದು ಸರಳ ಪರೀಕ್ಷೆಯೇ ಸಾಕು. ಕಲರಿಸ್ಟ್ ಕೊಟ್ಟ ಮೂಲ ಫೈಲಿನ ಮೇಲೆ, ಇನ್ನೊಂದು ಸಿಸ್ಟಂನಿಂದ ಮರಳಿ ಬಂದ ಫೈಲನ್ನು ಹಾಸಿ ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ತೋರಿಸುವ 'ಡಿಫರೆನ್ಸ್' ಮೋಡ್ ಒತ್ತಬೇಕು. ಎರಡೂ ಒಂದೇ ಆಗಿದ್ದರೆ ಪರದೆ ಪೂರ್ತಿ ಕಪ್ಪು. ಬ್ರೈಟ್‌ನೆಸ್ ಎತ್ತಿದಾಗ ಅಂಚುಗಳಲ್ಲಷ್ಟೇ ಸಣ್ಣ ಚುಕ್ಕೆಗಳು ಮಿಣುಕಿದರೆ ಅದು ಕಂಪ್ರೆಷನ್ನಿನ ಕಸ, ಬಿಟ್ಟುಬಿಡಬಹುದು. ನಟನ ಮುಖವೇ ಇಡಿಯಾಗಿ ಮೂಡಿತೋ, ದಾರಿಯಲ್ಲೆಲ್ಲೋ ಅಂಕಿ ಬದಲಾಗಿದೆ. ಮೊದಲು ನೋಡಬೇಕಾದ್ದು 16–235ರ ಸೆಟಿಂಗ್.