ಮೂರು ಚೀಟಿ, ಒಂದು ಖಾತೆ: ಸ್ತನ ತಪಾಸಣೆಯ ಚಿತ್ರಗಳೂ ವರದಿಯ ತಂತ್ರಾಂಶವೂ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಬ್ಬನೇ ರೈತನ ಮಾಲು ಮೂರು ಲಾಟುಗಳಾಗಿ ಟೆಂಡರಿಗೆ ಬಂದರೂ, ಮೂರಕ್ಕೂ ಬೇರೆ ಬೇರೆ ದರ ದೊರೆತರೂ, ದಲಾಲಿ ಅಂಗಡಿಯ ಖತಾವಣಿಯಲ್ಲಿ ಆ ರೈತನಿಗೆ ಇರುವುದು ಒಂದೇ ಪುಟ. ಲಾಟಿನ ಸಂಖ್ಯೆ ಬೇರೆ, ಖಾತೆ ಬೇರೆ ಎಂಬುದನ್ನು ವ್ಯಾಪಾರಸ್ಥರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸ್ಕ್ಯಾನಿಂಗ್ ಕೇಂದ್ರಗಳ ಗಣಕಯಂತ್ರಗಳಿಗೆ ಇದನ್ನು ಹೇಳಿಕೊಡಲೇಬೇಕಾಗುತ್ತದೆ. ಇಂತಹ ಕೇಂದ್ರಗಳಲ್ಲಿ ಬಂಡವಾಳ ಹೂಡಿರುವ ಉದ್ಯಮಿಗಳೂ, ತಮ್ಮ ಘಟಕದ ಮಹಿಳಾ ಕಾರ್ಮಿಕರಿಗಾಗಿ ಆರೋಗ್ಯ ತಪಾಸಣೆ ಏರ್ಪಡಿಸುವ ಮಾಲೀಕರೂ ಈ ವಿಷಯವನ್ನು ಅರಿತಿರುವುದು ಅವಶ್ಯ.

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯಿಂದ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ, 45ರ ಆಸುಪಾಸಿನ ಒಬ್ಬ ಮಹಿಳೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಎದೆಯಲ್ಲಿ ಗಂಟು ಕಾಣಿಸಿಕೊಂಡಿದೆ. ಹಾವೇರಿಯಲ್ಲಿ ನಡೆದ ಶಿಬಿರವೊಂದರಲ್ಲಿ ಎರಡು ವರ್ಷಗಳ ಹಿಂದೆ ಆಕೆಯ ಮ್ಯಾಮೊಗ್ರಾಂ ಆಗಿತ್ತು. ಅಲ್ಲಿ ಬರೆದ ಹೆಸರು ಶಾಂತವ್ವ. ಈಗ ರಾಣೆಬೆನ್ನೂರಿನಲ್ಲಿ ಅಲ್ಟ್ರಾಸೌಂಡ್ ಆಯಿತು, ಅಲ್ಲಿ ಶಾಂತಮ್ಮ. ಮುಂದೆ ಹುಬ್ಬಳ್ಳಿಗೋ ದಾವಣಗೆರೆಗೋ ಎಂ.ಆರ್.ಐ.ಗೆ ಕಳುಹಿಸಿದರೆ ಅಲ್ಲಿ ಆಧಾರ್ ಚೀಟಿಯಲ್ಲಿ ಇರುವಂತೆ ಶಾಂತಾ, ಜೊತೆಗೆ ಗಂಡನ ಹೆಸರು ಮತ್ತು ಅಡ್ಡಹೆಸರು. ವಯಸ್ಸು ಒಂದು ಕಡೆ 43, ಇನ್ನೊಂದು ಕಡೆ 48. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಆಂಜನೇಯರ ದರ್ಶನವನ್ನು ಒಂದೇ ದಿನದಲ್ಲಿ ಮಾಡುವ ಭಕ್ತರಿಗೆ ಗುಡಿಗಳು ಮೂರಾದರೂ ಯಾತ್ರೆ ಒಂದೇ. ಗಣಕಯಂತ್ರಕ್ಕೆ ಮಾತ್ರ ಇಲ್ಲಿ ಮೂವರು ಮಹಿಳೆಯರು ಕಾಣುತ್ತಾರೆ.

ಇದು ಬರೀ ಗುಮಾಸ್ತಿಕೆಯ ತೊಡಕಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ಅದರಿಂದ ಮೃತರಾದರು. ಈ ರೋಗದ ಪತ್ತೆಯಲ್ಲಿ ಒಂದೇ ಚಿತ್ರವನ್ನು ನೋಡಿ ನಿರ್ಧಾರಕ್ಕೆ ಬರುವುದು ಅನೇಕ ವೇಳೆ ಸಾಧ್ಯವಾಗುವುದಿಲ್ಲ. ಮ್ಯಾಮೊಗ್ರಾಂನಲ್ಲಿ ಪ್ರತಿ ಸ್ತನಕ್ಕೆ ಮೇಲಿನಿಂದ ಒಂದು, ಓರೆಯಾಗಿ ಪಕ್ಕದಿಂದ ಒಂದು ಎಂದು ಒಟ್ಟು ನಾಲ್ಕು ಚಿತ್ರಗಳನ್ನು ತೆಗೆಯುವುದು ವಾಡಿಕೆ. ಸ್ತನದ ಅಂಗಾಂಶ ದಟ್ಟವಾಗಿದ್ದಲ್ಲಿ ಗಂಟು ಅದರ ಬಿಳುಪಿನಲ್ಲಿಯೇ ಮರೆಯಾಗುತ್ತದೆ. ಆಗ ಅಲ್ಟ್ರಾಸೌಂಡ್ ಅಗತ್ಯವಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡಿದಾಗಲೇ ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಕಂಡದ್ದೇ ಎಂದು ತಜ್ಞ ವೈದ್ಯರು ಹೇಳಬಲ್ಲರು.

ಅಮೆರಿಕದ ರೇಡಿಯಾಲಜಿ ಕಾಲೇಜು 1993ರಲ್ಲಿ ಮೊದಲು ಪ್ರಕಟಿಸಿದ ‘ಬೈರಾಡ್ಸ್’ ಎಂಬ ವರದಿ ಪದ್ಧತಿಯನ್ನು ಭಾರತದಲ್ಲಿಯೂ ಅನುಸರಿಸಲಾಗುತ್ತಿದೆ. ಅದರಲ್ಲಿ 0ಯಿಂದ 6ರವರೆಗೆ ವರ್ಗಗಳಿವೆ. ಸೊನ್ನೆ ಎಂದರೆ ರೋಗವಿಲ್ಲ ಎಂದರ್ಥವಲ್ಲ. ನಿರ್ಧಾರ ಅಪೂರ್ಣ, ಮತ್ತಷ್ಟು ಚಿತ್ರಗಳಾಗಲಿ ಹಿಂದಿನ ಚಿತ್ರಗಳಾಗಲಿ ಬೇಕು ಎಂದರ್ಥ. ಲೆಕ್ಕಪರಿಶೋಧನೆಯ ಭಾಷೆಯಲ್ಲಿ ಹೇಳುವುದಾದರೆ, ಆರಂಭಿಕ ಶಿಲ್ಕಿನ ಪುಸ್ತಕ ಸಿಗದೆ ತಡೆಹಿಡಿದ ಅಭಿಪ್ರಾಯವಿದು. ಹಾವೇರಿಯ ಹಳೆಯ ಚಿತ್ರ ಸಿಗದಿದ್ದಲ್ಲಿ ನಮ್ಮ ಉದಾಹರಣೆಯ ಮಹಿಳೆ ಇನ್ನೊಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಮತ್ತೊಮ್ಮೆ ಹಣ ತೆತ್ತು ಬರಬೇಕು. ಬಾರದೆಯೂ ಇರಬಹುದು. ಮೂರನೆಯ ವರ್ಗವೂ ಹೀಗೆಯೇ. ಕ್ಯಾನ್ಸರ್ ಇರುವ ಸಾಧ್ಯತೆ ಶೇಕಡಾ 2ನ್ನು ಮೀರದ ಇಂತಹ ಗಂಟುಗಳನ್ನು ಸಾಮಾನ್ಯವಾಗಿ ಆರು ತಿಂಗಳ ನಂತರ ಮತ್ತೆ ನೋಡಿ ಹೋಲಿಸಲಾಗುತ್ತದೆ. ಹೋಲಿಸಲು ಹಿಂದಿನದೇ ಇಲ್ಲವಾದರೆ ಆರು ತಿಂಗಳ ಕಾಯುವಿಕೆ ವ್ಯರ್ಥ.

ತಂತ್ರಾಂಶದ ಒಳಗೆ

ಚಿತ್ರಗಳ ವಿನಿಮಯಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮಾನದಂಡ ‘ಡೈಕಾಂ’. ಅಮೆರಿಕದ ರೇಡಿಯಾಲಜಿ ಕಾಲೇಜು ಹಾಗೂ ವಿದ್ಯುತ್ ಉಪಕರಣ ತಯಾರಕರ ಸಂಘ ಕೂಡಿ 1985ರಲ್ಲಿ ಹೊರತಂದ ಮಾನದಂಡವೇ ಪರಿಷ್ಕೃತವಾಗಿ 1993ರಲ್ಲಿ ಈ ಹೆಸರು ಪಡೆಯಿತು. ಇದರಲ್ಲಿ ರೋಗಿ, ರೋಗಿಯ ಕೆಳಗೆ ಅಧ್ಯಯನ, ಅಧ್ಯಯನದ ಕೆಳಗೆ ಸರಣಿ, ಸರಣಿಯ ಕೆಳಗೆ ಚಿತ್ರ ಎಂಬ ಏರ್ಪಾಡಿದೆ. ಮ್ಯಾಮೊಗ್ರಾಂ ಒಂದು ಅಧ್ಯಯನ, ಅಲ್ಟ್ರಾಸೌಂಡ್ ಇನ್ನೊಂದು. ಪ್ರತಿ ಕೋರಿಕೆಗೂ ‘ಆಕ್ಸೆಶನ್’ ಸಂಖ್ಯೆ ಬೀಳುತ್ತದೆ. ಬಿಲ್ಲು ಸಾಮಾನ್ಯವಾಗಿ ಅದಕ್ಕೆ ಹೊಂದಿಕೊಂಡಿರುತ್ತದೆ.

ತೊಡಕು ಹುಟ್ಟುವುದು ಇಲ್ಲಿಯೇ. ಒಂದೇ ದಿನ ಎರಡೂ ಪರೀಕ್ಷೆ ಆದಾಗ ವೈದ್ಯರು ಎರಡನ್ನೂ ಒಟ್ಟಿಗೆ ನೋಡಿ ಒಂದೇ ವರದಿ, ಒಂದೇ ಅಂತಿಮ ವರ್ಗ ಕೊಡಬೇಕು. ಉತ್ತಮ ತಂತ್ರಾಂಶ ಎರಡು ಆಕ್ಸೆಶನ್ ಸಂಖ್ಯೆಗಳನ್ನೂ ಹಾಗೆಯೇ ಉಳಿಸಿ, ಒಂದೇ ವರದಿಯನ್ನು ಎರಡಕ್ಕೂ ಜೋಡಿಸಿ, ಎರಡನ್ನೂ ಬಾಕಿ ಪಟ್ಟಿಯಿಂದ ತೆಗೆಯುತ್ತದೆ. ಬಿಲ್ಲು ಎರಡಾಗಿಯೇ ಉಳಿಯುತ್ತವೆ, ವರದಿ ಮಾತ್ರ ಒಂದಾಗುತ್ತದೆ. ಕಳಪೆ ತಂತ್ರಾಂಶದಲ್ಲಿ ಮೊದಲನೆಯ ಸಂಖ್ಯೆ ಮುಗಿದು ಎರಡನೆಯದು ‘ವರದಿ ಬಾಕಿ’ ಎಂದು ನಿಂತಿರುತ್ತದೆ. ಮಾರನೆಯ ದಿನ ಬೇರೆ ವೈದ್ಯರು ಅದನ್ನು ತೆರೆದು, ಮ್ಯಾಮೊಗ್ರಾಂ ನೋಡದೆಯೇ, ಮತ್ತೊಂದು ವರದಿ ಬರೆಯುತ್ತಾರೆ. ಒಂದರಲ್ಲಿ ನಾಲ್ಕನೆಯ ವರ್ಗ, ಅಂದರೆ ಸೂಜಿ ಪರೀಕ್ಷೆ ಆಗಬೇಕು. ಇನ್ನೊಂದರಲ್ಲಿ ಎರಡನೆಯದು, ಚಿಂತೆಯಿಲ್ಲ. ಮನೆಯವರು ಯಾವುದನ್ನು ನಂಬುತ್ತಾರೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ದೂರದ ತಜ್ಞರಿಗೆ ವರದಿಯೊಂದಕ್ಕೆ ಇಷ್ಟು ಎಂದು ಸಂಭಾವನೆ ಕೊಡುವ ಕೇಂದ್ರಕ್ಕೆ ಹಣವೂ ಎರಡು ಬಾರಿ ಹೋಗುತ್ತದೆ, ಆದರೆ ಅದು ಇಲ್ಲಿ ಸಣ್ಣ ಮಾತು.

ದೂರದಿಂದ ಚಿತ್ರ ಓದುವ ವ್ಯವಸ್ಥೆ ಕರ್ನಾಟಕಕ್ಕೆ ಹೊಸದಲ್ಲ. 2002ರಲ್ಲಿ ಡಾ. ಅರ್ಜುನ್ ಕಲ್ಯಾಣಪುರ ಹಾಗೂ ಡಾ. ಸುನೀತಾ ಮಹೇಶ್ವರಿ ಬೆಂಗಳೂರಿನಲ್ಲಿ ಆರಂಭಿಸಿದ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಸಂಸ್ಥೆ ಅಮೆರಿಕದ ಆಸ್ಪತ್ರೆಗಳ ರಾತ್ರಿ ಪಾಳಿಯ ಚಿತ್ರಗಳನ್ನು ಇಲ್ಲಿನ ಹಗಲಿನಲ್ಲಿ ಓದುವುದರಿಂದ ಹೆಸರಾಯಿತು. ತಾಲ್ಲೂಕು ಕೇಂದ್ರದ ಚಿತ್ರವನ್ನು ಬೆಂಗಳೂರಿನ ತಜ್ಞರು ಓದುವುದಕ್ಕೆ ಇಂದು ಅಡ್ಡಿಯಿಲ್ಲ. ಆದರೆ ಓದುವವರಿಗೆ ರೋಗಿಯ ಮುಖ ಕಾಣುವುದಿಲ್ಲ, ಸಂಖ್ಯೆ ಮಾತ್ರ ಕಾಣುತ್ತದೆ. ಕೌಂಟರಿನಲ್ಲಿ ಕುಳಿತ ಹುಡುಗ ಬರೆದ ಹೆಸರೇ ಅವರಿಗೆ ಆಧಾರ.

ತಪ್ಪು ಜೋಡಣೆಯ ಅಪಾಯ

ಹಾಗೆಂದು ಹೆಸರು ಹೋಲುವವರನ್ನೆಲ್ಲ ಒಂದು ಖಾತೆಗೆ ಸೇರಿಸುವುದು ಇನ್ನೂ ದೊಡ್ಡ ಅನಾಹುತ. ಒಂದೇ ಊರಿನಲ್ಲಿ ಇಬ್ಬರು ಶಾಂತವ್ವಂದಿರು ಇರುವುದು ಹಾವೇರಿ ಜಿಲ್ಲೆಯಲ್ಲಿ ಅಪರೂಪವೇನಲ್ಲ. ಒಬ್ಬರ ಖರ್ಚು ಇನ್ನೊಬ್ಬರ ಖಾತೆಗೆ ಬಿದ್ದರೆ ಎದುರು ಜಮಾಖರ್ಚು ಬರೆದು ಸರಿಪಡಿಸಬಹುದು. ಒಬ್ಬರ ಗಂಟು ಇನ್ನೊಬ್ಬರ ಕಡತಕ್ಕೆ ಬಿದ್ದು ಶಸ್ತ್ರಚಿಕಿತ್ಸೆ ನಡೆದರೆ ಸರಿಪಡಿಸುವ ಪುಸ್ತಕವಿಲ್ಲ. ಆದ್ದರಿಂದ ತಂತ್ರಾಂಶ ಹೊಂದಾಣಿಕೆಯನ್ನು ಸೂಚಿಸಬೇಕೇ ಹೊರತು ತಾನೇ ಜೋಡಿಸಬಾರದು; ಜೋಡಿಸಿದವರ ಹೆಸರು ಮತ್ತು ಸಮಯ ದಾಖಲಾಗಬೇಕು; ಬೇಕಾದಾಗ ಬಿಡಿಸಲು ಬರಬೇಕು. ಜನ್ಮದಿನಾಂಕ ಗೊತ್ತಿಲ್ಲದವರ ವಿಷಯದಲ್ಲಿ ತಂದೆ ಅಥವಾ ಗಂಡನ ಹೆಸರು, ಊರು, ದೂರವಾಣಿ ಸಂಖ್ಯೆ ಇವುಗಳನ್ನು ಕೇಳಿ ಬರೆಯುವುದಕ್ಕೆ ಬದಲಿಯಿಲ್ಲ.

2021ರ ಸೆಪ್ಟೆಂಬರಿನಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಡಿ ದೊರೆಯುವ 14 ಅಂಕಿಗಳ ‘ಆಭಾ’ ಸಂಖ್ಯೆ ಇಲ್ಲಿ ಬಹಳ ಉಪಯುಕ್ತ. ಹಾವೇರಿ, ರಾಣೆಬೆನ್ನೂರು, ಹುಬ್ಬಳ್ಳಿ ಮೂರೂ ಕಡೆ ಅದೇ ಸಂಖ್ಯೆ ಬರೆದರೆ ಮೂವರೂ ಒಬ್ಬಳೇ ಎಂಬುದು ಸ್ಪಷ್ಟವಾಗುತ್ತದೆ. ಅದನ್ನು ಪಡೆಯುವುದು ಐಚ್ಛಿಕ. ಕಡತ ತೋರಿಸಲು ರೋಗಿಯ ಒಪ್ಪಿಗೆ ಬೇಕು. ಕಾರ್ಮಿಕರ ತಪಾಸಣೆಗೆ ಹಣ ಕೊಟ್ಟ ಮಾಲೀಕನಿಗೂ ಅವರ ವರದಿಯನ್ನು ಓದುವ ಹಕ್ಕು ತಾನಾಗಿ ಬರುವುದಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳಿತು.

ವೈದ್ಯಕೀಯ ಸೇವೆಗೆ ಜಿ.ಎಸ್.ಟಿ. ವಿನಾಯಿತಿ ಇರುವುದರಿಂದ ತಂತ್ರಾಂಶದ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ. ಹೀಗಾಗಿ ಅಗ್ಗದ ತಂತ್ರಾಂಶದ ಕಡೆಗೆ ಕೇಂದ್ರಗಳ ಒಲವು ಸಹಜ. ಆದರೆ ಕರಾರಿಗೆ ಸಹಿ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿಸಬಹುದು. ಒಬ್ಬಳೇ ಕಾಲ್ಪನಿಕ ರೋಗಿಯ ಹೆಸರಿನಲ್ಲಿ ಎರಡು ವರ್ಷ ಹಿಂದಿನ ಮ್ಯಾಮೊಗ್ರಾಂ, ಇಂದಿನ ಮ್ಯಾಮೊಗ್ರಾಂ ಹಾಗೂ ಅಲ್ಟ್ರಾಸೌಂಡ್ ಏರಿಸಿ, ಹಳೆಯದೂ ಹೊಸದೂ ಅದೇ ಪಕ್ಕ, ಅದೇ ಕೋನದಲ್ಲಿ ಅಕ್ಕಪಕ್ಕ ತೆರೆಯುತ್ತವೆಯೇ, ಒಂದೇ ವರದಿಗೆ ಇಂದಿನ ಎರಡೂ ಕೋರಿಕೆಗಳು ಮುಗಿಯುತ್ತವೆಯೇ ಎಂದು ನೋಡಬೇಕು. ಅನಂತರ ಎಲ್ಲವನ್ನೂ ಹೊರತೆಗೆದು ಬೇರೊಂದು ತಂತ್ರಾಂಶಕ್ಕೆ ಹಾಕಿಸಬೇಕು. ಚಿತ್ರಗಳು ಡೈಕಾಂ ರೂಪದಲ್ಲಿ ಹೊರಬರುತ್ತವೆ. ಅವುಗಳ ನಡುವಿನ ಜೋಡಣೆ ಅನೇಕ ವೇಳೆ ಹಳೆಯ ಕಂಪನಿಯ ದತ್ತಕೋಶದಲ್ಲಿಯೇ ಉಳಿದುಬಿಡುತ್ತದೆ. ಅದನ್ನೂ ಒಪ್ಪಿಸತಕ್ಕದ್ದು ಎಂಬ ಷರತ್ತು ಕರಾರಿನಲ್ಲಿ ಇಲ್ಲದಿದ್ದರೆ ಈಗಲೇ ಬರೆಯಿಸಬೇಕು, ಮುಂಗಡ ಕೊಡುವುದಕ್ಕೆ ಮೊದಲು.