ಸೂಜಿಗೊಂದು ಕ್ಲಿಪ್ಪು

ಕಳೆದ ಬೇಸಿಗೆ ರಜೆಯಲ್ಲಿ ನನ್ನ ತಂಗಿಯ ಮಗ ಕಡಿಯಾಳಿಯ ನಮ್ಮ ಮನೆಗೆ ಬಂದಿದ್ದ. ಮೊದಲ ಪಿಯುಸಿ ಮುಗಿಸಿದ ಹುಡುಗ. ಹಿತ್ತಲಿನ ಕೊಟ್ಟಿಗೆಯಲ್ಲಿ ಅವನ ಅಜ್ಜನ ಯೆಜ್ಡಿ ಮೋಟಾರ್ ಸೈಕಲ್ ಗೋಣಿ ಹೊದ್ದು ನಿಂತಿತ್ತು. ಹುಡುಗ ನಾಲ್ಕು ದಿನ ಅದನ್ನು ಉಜ್ಜಿ ತೊಳೆದ, ಕಾರ್ಬ್ಯುರೇಟರ್ ಬಿಚ್ಚಿ ಮತ್ತೆ ಜೋಡಿಸಿದ. ಐದನೆಯ ದಿನ ನನ್ನ ಬಳಿ ಬಂದು ನಿಂತ.

“ಸ್ಟಾರ್ಟ್ ಏನೋ ಆಗ್ತದೆ ಮಾವ. ರೈಸ್ ಮಾಡಿದ ಕೂಡ್ಲೆ ಬಂದ್ ಆಗ್ತದೆ.”

“ಜೋಡಿಸುವಾಗ ಏನಾದರೂ ಉಳಿಯಿತಾ?”

“ಉಳಿಯಲಿಲ್ಲ. ಒಂದು ಸಣ್ಣ ತಗಡು ಅಂಗಳದಲ್ಲಿ ಎಲ್ಲಿಯೋ ಬಿತ್ತು. ಅಷ್ಟು ಸಣ್ಣದು ಇಲ್ಲದಿದ್ದರೆ ಏನಾಗ್ತದೆ ಅಂತ ಬಿಟ್ಟೆ.”

ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಸಹಯೋಗದಿಂದ ಜಾವಾ ಬೈಕುಗಳ ತಯಾರಿಕೆ ಆರಂಭಿಸಿತು. 1970ರ ದಶಕದಲ್ಲಿ ಅವುಗಳ ಹೆಸರು ಯೆಜ್ಡಿ ಎಂದು ಬದಲಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಅದೇ ಹೆಸರಿನ ಹೊಸ ಬೈಕುಗಳು ಬಂದವಾದರೂ ಅವುಗಳ ಎಂಜಿನ್ನೇ ಬೇರೆ. ಹೀಗಾಗಿ ಹಳೆಯ ಯೆಜ್ಡಿಯ ಒಂದು ಬಿಡಿಭಾಗ ಕಳೆದರೆ ಗುಜರಿ ಅಂಗಡಿಯನ್ನೋ ಹಳೆಯ ಮೆಕ್ಯಾನಿಕನ್ನೋ ಹುಡುಕಬೇಕು.

ಗಾಳಿ ಎಳೆಯುವ ಪೆಟ್ರೋಲ್

ಇಂದಿನ ವಿದ್ಯಾರ್ಥಿಗಳು ಕಾರ್ಬ್ಯುರೇಟರನ್ನು ನೋಡಿರುವುದು ಕಡಿಮೆ. 2020ರ ಏಪ್ರಿಲ್‌ನಲ್ಲಿ ಹೊಸ ಮಾಲಿನ್ಯ ನಿಯಮ ಬಂದ ಮೇಲೆ ಹೆಚ್ಚಿನ ಹೊಸ ದ್ವಿಚಕ್ರ ವಾಹನಗಳಲ್ಲಿ ಪೆಟ್ರೋಲನ್ನು ವಿದ್ಯುನ್ಮಾನ ವ್ಯವಸ್ಥೆಯೇ ಚಿಮುಕಿಸುತ್ತದೆ. ಅದಕ್ಕೂ ಮೊದಲು ಈ ಕೆಲಸವನ್ನು ಮುಷ್ಟಿಗಾತ್ರದ ಒಂದು ಲೋಹದ ಡಬ್ಬಿ ಮಾಡುತ್ತಿತ್ತು.

ಅದರ ನಡುವಿನ ಕೊಳವೆಯ ಕಿರಿದಾದ ಭಾಗದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ತಗ್ಗುತ್ತದೆ. ಬರ್ನೌಲಿ 1738ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತತ್ವದ ಮೂಲವಿದೆ. ಒತ್ತಡ ತಗ್ಗಿದ ಜಾಗಕ್ಕೆ ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಮೇಲೇರಿ ಗಾಳಿಯಲ್ಲಿ ಬೆರೆಯುತ್ತದೆ. ಹಿಂದೆ ಸೊಳ್ಳೆಗೆ ಹೊಡೆಯುತ್ತಿದ್ದ ಫ್ಲಿಟ್ ಪಂಪಿನದೂ ಇದೇ ಉಪಾಯ.

ಪೆಟ್ರೋಲ್ ಮೇಲೇರುವ ರಂಧ್ರದಲ್ಲಿ ಉದ್ದನೆಯ ಸೂಜಿಯೊಂದು ಇಳಿಬಿದ್ದಿರುತ್ತದೆ. ಅದರ ತುದಿ ಕ್ರಮವಾಗಿ ಸಪೂರ. ನಾವು ಹ್ಯಾಂಡಲ್ ತಿರುವಿದಾಗ ತಂತಿಯು ಸ್ಲೈಡ್ ಎಂಬ ಕೊಂತವನ್ನು ಮೇಲೆತ್ತುತ್ತದೆ. ಜೊತೆಗೆ ಸೂಜಿಯೂ ಏರುತ್ತದೆ, ರಂಧ್ರದಲ್ಲಿ ದಾರಿ ಅಗಲವಾಗುತ್ತದೆ. ಸೂಜಿಯನ್ನು ಸ್ಲೈಡಿಗೆ ತೂಗುಹಾಕುವುದು ಸೂಜಿಯ ತಲೆಯ ಗೀರಿಗೆ ಸಿಕ್ಕಿಸಿದ ಪುಟ್ಟ ಕ್ಲಿಪ್ಪು. ಅದೇ ಅಂಗಳದಲ್ಲಿ ಬಿದ್ದದ್ದು!

ಕ್ಲಿಪ್ಪಿಲ್ಲದ ಸೂಜಿ ರಂಧ್ರದಲ್ಲೇ ಕೂತುಬಿಟ್ಟಿತು. ಸ್ಲೈಡ್ ಏರಿತು, ಗಾಳಿ ನುಗ್ಗಿತು, ಪೆಟ್ರೋಲ್ ಮಾತ್ರ ಬರಲಿಲ್ಲ. ಸ್ಟಾರ್ಟ್ ಆಗುವುದಕ್ಕೆ ಬೇಕಾದ ಅಲ್ಪ ಪೆಟ್ರೋಲಿಗೆ ಬೇರೆಯೇ ಸಣ್ಣ ದಾರಿಯಿದೆ. ಆದ್ದರಿಂದಲೇ ಎಂಜಿನ್ ನಿಧಾನದಲ್ಲಿ ಓಡಿ, ರೈಸ್ ಮಾಡಿದಾಗ ನಿಲ್ಲುತ್ತಿತ್ತು.

ತಂತಿ ಸಾಲದೇ?

“ತಾಮ್ರದ ತಂತಿ ಸುತ್ತಿದರೆ ಆಗದಾ ಮಾವ?” ಎಂದು ಹುಡುಗ ಕೇಳಿದ. ಸೂಜಿ ನಿಂತೀತು, ನಿಜ. ಆದರೆ ಎಂಜಿನ್ನಿನ ನಡುಕಕ್ಕೆ ತಂತಿ ಸಡಿಲಾದರೆ? ಸ್ಲೈಡಿನ ಪಕ್ಕದಲ್ಲಿ ಸಿಕ್ಕಿಕೊಂಡರೆ ಹ್ಯಾಂಡಲ್ ಬಿಟ್ಟರೂ ವೇಗ ಇಳಿಯುವುದಿಲ್ಲ. ಮಣಿಪಾಲದ ಇಳಿಜಾರಿನಲ್ಲಿ ಹಾಗಾದರೆ ಗತಿಯೇನು? ತುಂಡಾಗಿ ಎಂಜಿನ್ನಿನೊಳಗೆ ಹೋದರೆ ಸಿಲಿಂಡರಿನ ಗೋಡೆ ಗೀರಿಹೋಗುತ್ತದೆ. ಕಳೆದ ಭಾಗದ ಆಕಾರವನ್ನಷ್ಟೇ ಅಲ್ಲ, ಅದರ ಕೆಲಸವನ್ನೂ ತಿಳಿದು ಬದಲಿ ಹಾಕಬೇಕು. ಇಲ್ಲಿ ಬೇಕಾದದ್ದು ಸೂಜಿಯನ್ನು ಬಿಗಿಯಾಗಿ ಕಚ್ಚುವ, ಪುಟಿಯುವ ಉಕ್ಕು. ತಾಮ್ರಕ್ಕೆ ಆ ಗುಣವಿಲ್ಲ.

ಸೂಜಿಯ ಗೀರಿನ ಅಳತೆ ತೆಗೆಯಲು ಹುಡುಗ ಸ್ಕ್ರೂಗೇಜ್ ಹಿಡಿದ. ಅದರ ಚಪ್ಪಟೆ ಮುಖಗಳು ಗೀರಿನೊಳಗೆ ಇಳಿಯಲಿಲ್ಲ. ವರ್ನಿಯರ್ ಕ್ಯಾಲಿಪರ್ಸಿನ ತೆಳು ಅಂಚು ಇಳಿಯಿತು. ಪ್ರಯೋಗಾಲಯದಲ್ಲಿ ಎರಡು ಸಾಧನಗಳು ಏಕೆ ಇವೆ ಎಂಬ ಪ್ರಶ್ನೆಗೆ ಅವನಿಗೆ ಅಂದು ಉತ್ತರ ಸಿಕ್ಕಿತು.

ಸೂಜಿಯನ್ನೇ ಕಾಗದದಲ್ಲಿ ಸುತ್ತಿಕೊಂಡು ಪರಿಚಯದ ಹಿರಿಯ ಮೆಕ್ಯಾನಿಕರ ಬಳಿ ಹೋದೆವು. ಅವರು ಬಿಸ್ಕತ್ತಿನ ಡಬ್ಬಿ ಮಗುಚಿ, ಐದಾರು ಕ್ಲಿಪ್ಪುಗಳನ್ನು ಗೀರಿಗೆ ಹಾಕಿ ತೆಗೆದು, ಕೊನೆಗೆ ಒಂದನ್ನು ಆರಿಸಿದರು. “ಮಾಷ್ಟ್ರೆ, ಇದು ತಿರುಗುವುದೂ ಇಲ್ಲ, ಜಾರುವುದೂ ಇಲ್ಲ. ಆದರೆ ಜೆಟ್ಟಿಗೆ ಮಾತ್ರ ತಂತಿ ತುರುಕಬೇಡಿ” ಎಂದರು.

ಆ ಮಾತಿನ ಹಿಂದೆಯೂ ಲೆಕ್ಕವಿದೆ. 0.9 ಮಿ.ಮೀ. ವ್ಯಾಸದ ಜೆಟ್ಟಿನ ರಂಧ್ರ ಉಕ್ಕಿನ ತಂತಿಯ ಉಜ್ಜಾಟಕ್ಕೆ 1 ಮಿ.ಮೀ. ಆಯಿತೆನ್ನಿ. ವಿಸ್ತೀರ್ಣವು ವ್ಯಾಸದ ವರ್ಗಕ್ಕೆ ಅನುಗುಣ. 0.81 ಇದ್ದದ್ದು 1 ಆಯಿತು, ಎಂದರೆ ಶೇ. 23ರಷ್ಟು ಹೆಚ್ಚಳ. ಕಣ್ಣಿಗೆ ಕಾಣದ ವ್ಯತ್ಯಾಸ ಹೊಗೆಯಲ್ಲಿ ಕಾಣುತ್ತದೆ.

ಯಾವ ಗೀರಿಗೆ?

ಸೂಜಿಯ ತಲೆಯಲ್ಲಿ ಹಲವು ಗೀರುಗಳಿರುತ್ತವೆ. ಕ್ಲಿಪ್ಪನ್ನು ಕೆಳಗಿನ ಗೀರಿಗೆ ಹಾಕಿದರೆ ಸೂಜಿ ಮೇಲೆ ನಿಲ್ಲುತ್ತದೆ, ಪೆಟ್ರೋಲ್ ಹೆಚ್ಚು. ಮೇಲಿನ ಗೀರಿಗೆ ಹಾಕಿದರೆ ಕಡಿಮೆ. ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಈ ಇಂಧನಕ್ಕೆ ಸುಮಾರು 13.5 ಗ್ರಾಂ ಗಾಳಿ ಸಾಕು. ಹಳೆಯ ಗೀರಿನಲ್ಲೇ ಬಿಟ್ಟರೆ ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತದೆ. ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕಿನಲ್ಲಿ ಎಣ್ಣೆಯೂ ಪೆಟ್ರೋಲಿನೊಡನೆಯೇ ಹೋಗಬೇಕು. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಪಿಸ್ಟನ್ ಹಿಡಿದುಕೊಳ್ಳುವ ಭಯ.

ನಡುವಿನ ಗೀರಿನಿಂದ ಆರಂಭಿಸಿದೆವು. ಹುಡುಗನಿಗೆ ಲೈಸೆನ್ಸ್ ಇಲ್ಲದ್ದರಿಂದ ನಾನೇ ಓಡಿಸಿ ಬಂದು, ಎಂಜಿನ್ ತಣಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆವು. ಪ್ಲಗ್ಗಿನ ತುದಿ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಕಡಿಮೆ. ನಮ್ಮದು ಬಿಳಿಚಿತ್ತು. ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ ಮತ್ತೊಂದು ಸುತ್ತು ಹೋಗಿ ಬಂದಾಗ ಕಾಫಿ ಬಣ್ಣ ಬಂದಿತ್ತು. ಅದೇ ಸರಿಯಾದ ಬಣ್ಣ.

ಇಂಥ ಕೆಲಸಕ್ಕೆ ಕೈ ಹಾಕುವ ವಿದ್ಯಾರ್ಥಿಗಳು ಹಿರಿಯರೊಬ್ಬರನ್ನು ಜೊತೆಗಿರಿಸಿಕೊಳ್ಳಬೇಕು. ಪೆಟ್ರೋಲ್ ನಲ್ಲಿ ಬಂದ್ ಮಾಡಿ, ಬಯಲಿನಲ್ಲಿ, ಬೆಂಕಿಯಿಂದ ದೂರ ಕುಳಿತುಕೊಳ್ಳಿ. ಬಿಚ್ಚುವ ಮೊದಲು ಕೆಳಗೊಂದು ಬಿಳಿ ಬಟ್ಟೆ ಹಾಸಿ. ಅಂಗಳದಲ್ಲಿ ಕಳೆದದ್ದು ಬಟ್ಟೆಯ ಮೇಲೆ ಸಿಕ್ಕೀತು.

ಹೆತ್ತವರಿಗೊಂದು ಮಾತು. “ರಜೆಯಲ್ಲಿ ಓದುವುದು ಬಿಟ್ಟು ಗುಜರಿ ಹಿಡಿದು ಕೂತಿದ್ದಾನೆ” ಎಂದು ತಂಗಿ ಫೋನಿನಲ್ಲಿ ಗೊಣಗಿದ್ದಳು. ಬರ್ನೌಲಿ ತತ್ವವನ್ನು ಹುಡುಗ ಆ ಮೊದಲೇ ಬಾಯಿಪಾಠ ಮಾಡಿದ್ದ, ಅಂಕವನ್ನೂ ಪಡೆದಿದ್ದ. ಅದು ಅರ್ಥವಾದದ್ದು ಮಾತ್ರ ಕ್ಲಿಪ್ಪು ಕಳೆದ ಮೇಲೆ.